ಒಪ್ಪಂದ ಇದೆ, 21ನೇ ವಿಧಿ ಇದೆ. ಆದರೂ ಚಿತ್ರಹಿಂಸೆಗೆ ಸರ್ಕಾರಗಳು ಕಾನೂನಿನಲ್ಲೇ ದಾರಿ ಮಾಡಿಕೊಳ್ಳುವುದು ಹೇಗೆ?

ಕೋಥ್ರೂಡ್ ಕನ್ನಡತಿ
ಜೂನ್ 26 ಚಿತ್ರಹಿಂಸೆಗೆ ಒಳಗಾದವರನ್ನು ಬೆಂಬಲಿಸುವ ಅಂತರರಾಷ್ಟ್ರೀಯ ದಿನ. ಪುಣೆಯ ನಮ್ಮ ಓದುಗರ ಬಳಗ ಅವತ್ತು ಇದೇ ವಿಷಯ ಇಟ್ಟುಕೊಂಡು ಕೂರಬೇಕೆಂದಿದೆ. ಒಂದು ಪ್ರಶ್ನೆ ಮಾತ್ರ ಬಗೆಹರಿಯುತ್ತಿಲ್ಲ.

ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ ಸಂವಿಧಾನದ 21ನೇ ವಿಧಿ ಇದೆ. ತನ್ನ ವಿರುದ್ಧ ತಾನೇ ಸಾಕ್ಷಿಯಾಗಲು ಯಾರನ್ನೂ ಒತ್ತಾಯಿಸುವಂತಿಲ್ಲ ಎನ್ನುವ 20(3) ಇದೆ. ವಿಶ್ವಸಂಸ್ಥೆಯ 1984ರ ಚಿತ್ರಹಿಂಸೆ ವಿರೋಧಿ ಒಪ್ಪಂದವಂತೂ ಯುದ್ಧ, ತುರ್ತು ಪರಿಸ್ಥಿತಿ ಯಾವುದನ್ನೂ ನೆಪವಾಗಿ ಒಪ್ಪುವುದಿಲ್ಲ. ಇಷ್ಟಿದ್ದೂ ಠಾಣೆಗಳಲ್ಲಿ ನಡೆಯುವುದು ನಡೆದೇ ಇದೆ. ಅಮೆರಿಕ ವಕೀಲರಿಂದ ಟಿಪ್ಪಣಿ ಬರೆಸಿಕೊಂಡೇ ಮಾಡಿತು. ಕಾನೂನು ಮುರಿಯುವುದು ಬೇರೆ, ಕಾನೂನಿನ ಒಳಗೇ ದಾರಿ ಕೊರೆಯುವುದು ಬೇರೆ. ಆ ಎರಡನೆಯದು ಹೇಗೆ ನಡೆಯುತ್ತದೆ? ಕಲಂ, ವರ್ಷ, ತೀರ್ಪು ಸಮೇತ ಹೇಳಿ. ಪೊಲೀಸರು ಕೆಟ್ಟವರು ಅನ್ನುವಷ್ಟಕ್ಕೇ ನಿಲ್ಲಿಸಬೇಡಿ ದಯವಿಟ್ಟು.

ಹಡಪ್ಸರ್ 28
ಭಾರತ ಆ ಒಪ್ಪಂದಕ್ಕೆ ಸಹಿನೇ ಹಾಕಿಲ್ಲಲ್ರೀ. ಅಲ್ಲಿಗೆ ಮುಗೀತು.

ಮಾಟುಂಗಾ ವಕೀಲ
ಸಹಿ ಹಾಕಿದ್ದು ಉಂಟು ಮಾರಾಯ್ರೆ. 1997ರ ಅಕ್ಟೋಬರ್ 14ಕ್ಕೆ. ಅನುಮೋದನೆ ಮಾಡಿದ್ದಿಲ್ಲ. ಈ ಎರಡರ ನಡುವಿನ ಸಂದಿಯಲ್ಲೇ ನಾವು ಅವತ್ತಿನಿಂದ ನಿಂತಿರುವುದು.

ಅನುಮೋದನೆಗೆ ಮೊದಲು ದೇಶದೊಳಗೆ ಕಾನೂನು ಬೇಕು ಅಂತ ಸರ್ಕಾರದ ವಾದ. ಹಾಗಾಗಿ ಮಸೂದೆ ತಂದರು. 2010ರ ಮೇ 6ರಂದು ಲೋಕಸಭೆಯಲ್ಲಿ ಪಾಸೂ ಆಯಿತು. ಒಳಗೆ ಎಂತ ಇತ್ತು ನೋಡಿ: ತೀವ್ರ ಗಾಯ ಆಗಬೇಕು, ಇಲ್ಲವೇ ಜೀವಕ್ಕೋ ಅಂಗಕ್ಕೋ ಆರೋಗ್ಯಕ್ಕೋ ಅಪಾಯ ಆಗಬೇಕು, ಆಗ ಮಾತ್ರ ಅದು ಚಿತ್ರಹಿಂಸೆ. ದೂರು ಆರು ತಿಂಗಳೊಳಗೆ ಬರಬೇಕು. ಅದರ ಮೇಲೆ ಸರ್ಕಾರದ ಪೂರ್ವಾನುಮತಿ ಬೇರೆ. ರಾಜ್ಯಸಭೆ ಅದನ್ನು ಆಯ್ಕೆ ಸಮಿತಿಗೆ ಕಳಿಸಿತು, ಸಮಿತಿ ಸಾಕಷ್ಟು ತಿದ್ದಿ ಅದೇ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. 2014ರಲ್ಲಿ ಲೋಕಸಭೆ ವಿಸರ್ಜನೆ ಆದಾಗ ಮಸೂದೆಯೂ ಹೋಯಿತು. 2017ರಲ್ಲಿ ಕಾನೂನು ಆಯೋಗ ತನ್ನ 273ನೇ ವರದಿಯಲ್ಲಿ ಹೊಸ ಕರಡನ್ನೇ ಬರೆದುಕೊಟ್ಟಿತು, ಜೀವಾವಧಿ ಶಿಕ್ಷೆವರೆಗೆ. 2019ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ, ಕಾನೂನು ಮಾಡಿ ಅಂತ ಸಂಸತ್ತಿಗೆ ನಾವು ಹೇಳುವಂತಿಲ್ಲ ಅಂತ ಅರ್ಜಿ ಮುಗಿಸಿದರು.

ಹಾಗಂತ ನಮ್ಮ ಮೇಲೆ ಯಾವ ಒಪ್ಪಂದವೂ ಇಲ್ಲ ಅಂತ ಅಲ್ಲ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯನ್ನು 1979ರಲ್ಲೇ ಒಪ್ಪಿದ್ದೇವೆ. ಅದರ 7ನೇ ವಿಧಿ ಚಿತ್ರಹಿಂಸೆಯನ್ನು ನಿಷೇಧಿಸುತ್ತದೆ. ತುರ್ತು ಪರಿಸ್ಥಿತಿಯಲ್ಲೂ ಅದನ್ನು ತೆಗೆದಿಡುವ ಹಾಗಿಲ್ಲ.

ನೆರುಳ್ ಮೇಷ್ಟ್ರು
ಕನ್ನಡತಿಯವರೇ, ನಿಮ್ಮ ಪ್ರಶ್ನೆಗೆ ಮೊದಲ ಉತ್ತರ ಇಲ್ಲೇ ಬಂತು. ಪದದ ಅರ್ಥವನ್ನು ಇಕ್ಕಟ್ಟು ಮಾಡುವುದು. ಮಾಡುವುದನ್ನು ನಿಲ್ಲಿಸಬೇಕಿಲ್ಲ, ಹೆಸರು ಬದಲಿಸಿದರೆ ಸಾಕು.

ಇದರ ಪಾಠ ಬೇಕಾದರೆ 2002ರ ಆಗಸ್ಟ್ 1ರ ಅಮೆರಿಕದ ಟಿಪ್ಪಣಿ ಓದಬೇಕು. ನ್ಯಾಯ ಇಲಾಖೆಯ ಕಾನೂನು ಸಲಹಾ ಕಚೇರಿಯದು, ಸಹಿ ಜೇ ಬೈಬೀ ಅವರದು, ಕರಡು ಹೆಚ್ಚಾಗಿ ಜಾನ್ ಯೂ ಅವರದು. ಒಪ್ಪಂದದಲ್ಲಿರುವುದು 'ತೀವ್ರ ನೋವು' ಎಂಬ ಪದ. ತೀವ್ರ ಅಂದರೆ ಎಷ್ಟು? ಅಂಗ ವೈಫಲ್ಯ, ದೇಹದ ಕೆಲಸ ಕೆಡುವುದು, ಸಾವು, ಇವುಗಳ ಜೊತೆ ಬರುವ ನೋವಿನಷ್ಟು ಅಂದರು. ಈ ಅಳತೆ ತೆಗೆದದ್ದು ಎಲ್ಲಿಂದ ಗೊತ್ತೇ? ಆರೋಗ್ಯ ಸೌಲಭ್ಯದ ಕಾನೂನಿನಿಂದ. ಯಾವುದನ್ನು ತುರ್ತು ಚಿಕಿತ್ಸೆ ಅನ್ನಬೇಕು ಅಂತ ಹೇಳುವ ಕಲಮಿನಿಂದ 'ತೀವ್ರ ನೋವು' ಎಂಬ ಎರಡು ಪದ ಕಿತ್ತು ತಂದು ಇಲ್ಲಿ ನೆಟ್ಟರು.

ಅದೇ ದಿನ ಇನ್ನೊಂದು ಟಿಪ್ಪಣಿಯಲ್ಲಿ ಗುಪ್ತಚರ ಸಂಸ್ಥೆ ಸಿಐಎಯ ವಿಚಾರಣೆಗೆ 10 ವಿಧಾನಗಳಿಗೆ ಒಪ್ಪಿಗೆ. ಕೆನ್ನೆಗೆ ಹೊಡೆಯುವುದು, ಗೋಡೆಗೆ ಅಪ್ಪಳಿಸುವುದು, ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ಕೂಡುವುದು, ನಿದ್ದೆಗೆಡಿಸುವುದು, ಮುಖಕ್ಕೆ ಬಟ್ಟೆ ಹಾಕಿ ನೀರು ಸುರಿಯುವುದು. 2005ರ ಟಿಪ್ಪಣಿಗಳಲ್ಲಿ ಲೆಕ್ಕ ಇನ್ನೂ ಕರಾರುವಾಕ್ಕು. ನೀರು ಸುರಿಯುವುದು ಒಂದು ಸಲಕ್ಕೆ 40 ಸೆಕೆಂಡ್ ಮೀರಬಾರದು, ದಿನಕ್ಕೆ ಒಟ್ಟು 12 ನಿಮಿಷ ಮೀರಬಾರದು, 30 ದಿನದಲ್ಲಿ 5 ದಿನ ಮಾತ್ರ. ನಿದ್ದೆಗೆಡಿಸುವುದು 180 ಗಂಟೆವರೆಗೆ. ಇಷ್ಟು ಅಳತೆಯ ಅಡಿಯಲ್ಲಿ ಕುಳಿತ ಮನುಷ್ಯನೊಬ್ಬನ ಮೇಲೆ 2002ರ ಆಗಸ್ಟ್ ಒಂದೇ ತಿಂಗಳಲ್ಲಿ 83 ಸಲ ನೀರು ಸುರಿದರು, ಇನ್ನೊಬ್ಬನ ಮೇಲೆ 2003ರ ಮಾರ್ಚಿನಲ್ಲಿ 183 ಸಲ.

ಹಡಪ್ಸರ್ 28
ಮೇಷ್ಟ್ರೇ, ದಿನಾಂಕ ಸ್ವಲ್ಪ ನೋಡಿಕೊಳ್ಳಿ. 40 ಸೆಕೆಂಡಿನ ಮಿತಿ ಬಂದದ್ದು 2005ರಾಗ ಅಂತೀರಿ, 183 ಸಲ ಆಗಿದ್ದು 2003ರಾಗ. ಮತ್ತ 'ಈ ಅಳತೆಯ ಅಡಿಯಲ್ಲಿ' ಹೆಂಗ ಆಗತೈತಿ?

ನೆರುಳ್ ಮೇಷ್ಟ್ರು
ಸರಿಯಾಗಿ ಹಿಡಿದಿರಿ, ತಿದ್ದಿಕೊಳ್ಳುತ್ತೇನೆ. ಆ ಎರಡೂ 2002ರ ಟಿಪ್ಪಣಿಯ ಒಪ್ಪಿಗೆಯ ಕೆಳಗೆ ನಡೆದದ್ದು. ಅದರ ಸಮರ್ಥನೆಯನ್ನು 2004ರಲ್ಲಿ ಅದೇ ಕಚೇರಿ ಹಿಂತೆಗೆದುಕೊಂಡಿತು. ಹೊಸ ಟಿಪ್ಪಣಿ 'ಚಿತ್ರಹಿಂಸೆ ಹೇಯ' ಅಂತ ಶುರುವಾಗುತ್ತದೆ, ಅಡಿಟಿಪ್ಪಣಿಯಲ್ಲಿ ಮಾತ್ರ ಹಿಂದೆ ಒಪ್ಪಿದ ವಿಧಾನಗಳು ಈ ಅಳತೆಯಲ್ಲೂ ಅಕ್ರಮ ಆಗುವುದಿಲ್ಲ ಎಂಬ ಅರ್ಥದ ಸಾಲು ಸೇರಿಸಿದೆ. 2005ರ ನಿಮಿಷ ಸೆಕೆಂಡುಗಳ ಪಟ್ಟಿ ಬಂದದ್ದು ಆಮೇಲೆ.

ಬಾಯ್ನಾ ಬಂದರು
ಗೋವಾದಿಂದ ಒಂದು ಮಾತು ಸೇರಿಸ್ತೇನೆ, ಯಾಕಂದ್ರೆ ಈ ಅಳತೆ ಹೊಸತಲ್ಲ. 1252ರಲ್ಲಿ ಪೋಪ್ ನಾಲ್ಕನೇ ಇನ್ನೊಸೆಂಟ್ ಧರ್ಮದ್ರೋಹದ ವಿಚಾರಣೆಯಲ್ಲಿ ಹಿಂಸೆಗೆ ಅನುಮತಿ ಕೊಟ್ಟಾಗ ಹಾಕಿದ ಷರತ್ತು: ಅಂಗ ಹೋಗಬಾರದು, ಪ್ರಾಣಾಪಾಯ ಆಗಬಾರದು. 750 ವರ್ಷ ಆದ ಮೇಲೆ ವಾಷಿಂಗ್ಟನ್ನಿನಲ್ಲಿ ಕೂತವರು ಗೆರೆ ಎಳೆದದ್ದೂ ಅಂಗ ಮತ್ತು ಸಾವು, ಈ ಎರಡರ ಹತ್ತಿರವೇ.

ಹಳೆ ಗೋವಾದಲ್ಲಿ 1560ರಿಂದ 1812ರವರೆಗೆ, ನಡುವೆ ಕೆಲವು ವರ್ಷ ಬಿಟ್ಟು, ಇನ್‌ಕ್ವಿಸಿಷನ್, ಅಂದರೆ ಧರ್ಮದ್ರೋಹ ವಿಚಾರಿಸುವ ಚರ್ಚಿನ ನ್ಯಾಯಮಂಡಳಿ, ನಡೆಯಿತು. ಕಟ್ಟಡ ಸೆ ಕ್ಯಾಥೆಡ್ರಲ್ ಎದುರಿನ ಚೌಕದಲ್ಲಿತ್ತು, ಊರವರು ಕೊಂಕಣಿಯಲ್ಲಿ 'ವ್ಹಡಲೆಂ ಘರ್', ದೊಡ್ಡ ಮನೆ, ಅಂತಿದ್ದರು. ಪೋರ್ಚುಗೀಸ್ ಇನ್‌ಕ್ವಿಸಿಷನ್ನಿನಲ್ಲಿ ಎರಡು ಸಾಧನ ಮುಖ್ಯ. ಹಲಗೆಗೆ ಕಟ್ಟಿ ಹಗ್ಗ ಬಿಗಿಯುವ 'ಪೋತ್ರು', ಕೈ ಹಿಂದೆ ಕಟ್ಟಿ ರಾಟೆಯಿಂದ ಮೇಲೆತ್ತುವ 'ಪೊಲೆ'. ವೈದ್ಯರು ಪಕ್ಕದಲ್ಲೇ ಇರಬೇಕು. ಬರೆಯುವವನು ಒಂದು ವಾಕ್ಯ ಓದಿ ಹೇಳಬೇಕು: ಸತ್ತರೆ, ಅಂಗ ಮುರಿದರೆ ತಪ್ಪು ನಿನ್ನದೇ, ನಮ್ಮದಲ್ಲ. ಅಲ್ಲಿ ಹೇಳಿದ ತಪ್ಪೊಪ್ಪಿಗೆ ಹಾಗೇ ಸಲ್ಲುವುದಿಲ್ಲ. ಒಂದು ದಿನ ಕಳೆದ ಮೇಲೆ ಬೇರೆ ಕೋಣೆಯಲ್ಲಿ, ಹಗ್ಗ ಇಲ್ಲದ ಕಡೆ, 'ಸ್ವಇಚ್ಛೆಯಿಂದ' ಅಂತ ಮತ್ತೆ ಒಪ್ಪಿಸಿಕೊಳ್ಳಬೇಕು. ಒಪ್ಪದಿದ್ದರೆ ಮೊದಲಿನ ಕೋಣೆಗೇ ವಾಪಸ್. ಒಬ್ಬನಿಗೆ ಒಂದೇ ಸಲ ಅಂತ ನಿಯಮ ಇತ್ತು, ಅದಕ್ಕೆ ಎರಡನೇ ಸಲವನ್ನು 'ಮುಂದುವರಿಕೆ' ಅಂತ ಬರೆಯುತ್ತಿದ್ದರು.

ಪಿಂಪ್ರಿ ವಿಜಾಪುರ
ಇಷ್ಟ ದೂರ ಯಾಕ ಹೋಗ್ತೀರಿ, ನಮ್ಮ ಶಬ್ದಾನ ನೋಡ್ರಿ. 'ಚಿತ್ರಹಿಂಸೆ', 'ಚಿತ್ರವಧೆ' ಒಳಗಿನ 'ಚಿತ್ರ' ಎಲ್ಲಿಂದ ಬಂತು? ಕೌಟಿಲ್ಯನ ಅರ್ಥಶಾಸ್ತ್ರದಾಗ ಮರಣದಂಡನೆ ಎರಡು ಥರ, ಒಂದು ಶುದ್ಧ, ಇನ್ನೊಂದು ಚಿತ್ರ. ಶುದ್ಧ ಅಂದ್ರ ಒಮ್ಮೆಗೇ ಕೊಲ್ಲೂದು, ಚಿತ್ರ ಅಂದ್ರ ಬಗೆಬಗೆಯಾಗಿ ನೋಯಿಸಿ ಕೊಲ್ಲೂದು.

ವಿಚಾರಣೆಗೂ ಒಂದು ಅಧ್ಯಾಯ ಐತಿ, ನಾಲ್ಕನೇ ಅಧಿಕರಣದ ಎಂಟನೇದು. ರೂಢಿಯೊಳಗಿನ ನಾಲ್ಕು ಹಿಂಸೆ ಅಂತ ಹೇಳ್ತಾನ: ಆರು ಕೋಲು, ಏಳು ಚಾಟಿ, ಎರಡು ಥರ ಮೇಲೆ ತೂಗಹಾಕೂದು, ಮತ್ತ ನೀರಿನ ನಳಿಗೆ. ದಿನ ಬಿಟ್ಟು ದಿನ, ಸಲಕ್ಕ ಒಂದೇ. ಬಸುರಿಗೆ ಇಲ್ಲ, ಹಡೆದು ತಿಂಗಳಾಗದಾಕಿಗೆ ಇಲ್ಲ, ಹೆಂಗಸರಿಗೆ ಅರ್ಧ. ತೂಗಹಾಕೂದೂ ಐತಿ, ನೀರೂ ಐತಿ. ಮೇಷ್ಟ್ರ ಪಟ್ಟಿ ಮತ್ತ ಈ ಪಟ್ಟಿ ಬಾಜೂಕ ಇಟ್ಟು ನೋಡ್ರಿ.

ಆದ್ರ ಅದೇ ಅಧ್ಯಾಯದಾಗ ಇನ್ನೊಂದು ಮಾತೂ ಐತಿ, ಅದನ್ನ ಬಿಡಬಾರದು. ಮಾಂಡವ್ಯ ಕಳ್ಳ ಅಲ್ಲ, ಹಿಂಸೆಯ ಭಯಕ್ಕ 'ನಾನೇ ಕಳ್ಳ' ಅಂದುಬಿಟ್ಟ, ಅದಕ್ಕ ಸಾಕ್ಷಿಯಿಂದ ಖಾತ್ರಿ ಮಾಡಿಕೊಂಡೇ ದಂಡಿಸಬೇಕು ಅಂತ. ಮಹಾಭಾರತದ ಅಣಿಮಾಂಡವ್ಯ ಸುಮ್ಮನಿದ್ದ, ಇಲ್ಲಿಯ ಮಾಂಡವ್ಯ ಒಪ್ಪಿಕೊಂಡ. ಸುಳ್ಳು ತಪ್ಪೊಪ್ಪಿಗೆ ಬರತೈತಿ ಅನ್ನೂದು ಆವಾಗಿನವರಿಗೂ ಗೊತ್ತಿತ್ತು.

ಕೋಥ್ರೂಡ್ ಕನ್ನಡತಿ
'ಚಿತ್ರ' ಪದದ ವಿಷಯ ನಿಜಕ್ಕೂ ಗೊತ್ತಿರಲಿಲ್ಲ. ಬಳಗದಲ್ಲಿ ಇದರಿಂದಲೇ ಶುರು ಮಾಡುತ್ತೇನೆ.

ಹಡಪ್ಸರ್ 28
ಎಲ್ಲಾ ಖರೆ. ಆದ್ರ ನನ್ನ ಪ್ರಶ್ನೆ ಬ್ಯಾರೆ. 2006ರ ಜುಲೈ 11ರ ಸಂಜೆ ಪಶ್ಚಿಮ ರೈಲ್ವೆಯ ಲೋಕಲ್‌ಗಳಾಗ 11 ನಿಮಿಷದೊಳಗ ಏಳು ಬಾಂಬ್. ಮಾಹಿಮ್, ಬಾಂದ್ರಾ, ಖಾರ್, ಜೋಗೇಶ್ವರಿ, ಬೋರಿವಲಿ. ಎಂಟನೇದು ಎಲ್ಲಿ ಐತಿ ಅಂತ ಗೊತ್ತಿರೋ ಮನುಷ್ಯಾ ಕೈಗೆ ಸಿಕ್ಕಿದ್ದಾನ ಅಂತ ಇಟ್ಕೊಳ್ರಿ. ಕಲಂ ಓದ್ಕೋತ ಕೂಡ್ತೀರೇನು? ಸತ್ತವರ ಮನೆಯವರಿಗೆ ಏನ್ ಹೇಳ್ತೀರಿ?

ಮಾಟುಂಗಾ ವಕೀಲ
ಆ ಮನೆಯವರಿಗೆ ಏನು ಸಿಕ್ಕಿತು, ಅದನ್ನೇ ಕೇಳುವ. 2015ರಲ್ಲಿ ವಿಶೇಷ ನ್ಯಾಯಾಲಯ 12 ಮಂದಿಗೆ ಶಿಕ್ಷೆ ಕೊಟ್ಟಿತು, 5 ಮಂದಿಗೆ ಗಲ್ಲು, 7 ಮಂದಿಗೆ ಜೀವಾವಧಿ. 2025ರ ಜುಲೈ 21ರಂದು ಬಾಂಬೆ ಹೈಕೋರ್ಟ್ ಎಲ್ಲಾ 12 ಮಂದಿಯನ್ನೂ ಖುಲಾಸೆ ಮಾಡಿತು. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಗಳಲ್ಲಿ ಭಾಗಭಾಗಗಳು ಒಂದನ್ನೊಂದು ನಕಲು ಮಾಡಿದ ಹಾಗಿದ್ದವು, ಹಿಂಸಿಸಿ ಪಡೆದದ್ದು ಎಂಬ ಆರೋಪಿಗಳ ಮಾತಿಗೆ ಆಧಾರ ಉಂಟು ಅಂತ ಕಂಡಿತು. ಮೂರು ದಿನದಲ್ಲಿ ಸುಪ್ರೀಂ ಕೋರ್ಟ್ ಮಧ್ಯೆ ಬಂದು ಆ ತೀರ್ಪನ್ನು ಬೇರೆ ಕೇಸಿಗೆ ಪೂರ್ವನಿದರ್ಶನವಾಗಿ ಬಳಸಬಾರದು ಅಂದಿತು, ಬಿಟ್ಟವರನ್ನು ಮತ್ತೆ ಒಳಗೆ ಹಾಕಲಿಲ್ಲ. 19 ವರ್ಷ ಹೋಯಿತು. ಬಾಂಬ್ ಇಟ್ಟವರು ಯಾರು ಅಂತ ಹೈಕೋರ್ಟಿನ ಪ್ರಕಾರ ಸಾಬೀತಾಗಿಲ್ಲ. ಹಿಂಸೆಯಿಂದ ಬಂದ ಕಾಗದದ ಮೇಲೆ ಕೇಸ್ ಕಟ್ಟಿದರೆ ಮೊದಲು ಮೋಸ ಹೋಗುವುದು ಸತ್ತವರ ಮನೆಯವರು.

ನೆರುಳ್ ಮೇಷ್ಟ್ರು
ಆ 'ಟಿಕ್ ಟಿಕ್ ಬಾಂಬ್' ವಾದ ಕಾನೂನಿನೊಳಗೆ ಬಂದದ್ದು ಇಸ್ರೇಲಿನಲ್ಲಿ. 1987ರಲ್ಲಿ ಲ್ಯಾಂಡೌ ಆಯೋಗ 'ಮಿತವಾದ ದೈಹಿಕ ಒತ್ತಡ' ಸರಿ ಅಂದಿತು, ಅದರ ವಿವರಗಳ ಭಾಗವನ್ನು ಗುಟ್ಟಾಗಿಟ್ಟಿತು. 1999ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತನಿಖಾ ಸಂಸ್ಥೆಗೆ ಆ ಅಧಿಕಾರ ಇಲ್ಲ ಅಂದಿತು. ಆದರೆ ಅಧಿಕಾರಿಯ ಮೇಲೆ ಕೇಸಾದರೆ 'ಅನಿವಾರ್ಯವಾಗಿತ್ತು' ಎಂಬ ರಕ್ಷಣೆಯನ್ನು ಆತ ಎತ್ತಬಹುದು ಅಂತ ಬಿಟ್ಟಿತು. ಮುಂಬಾಗಿಲು ಮುಚ್ಚಿ ಹಿತ್ತಿಲ ಬಾಗಿಲು ತೆರೆದಂತಾಯಿತು. ಮೊದಲೇ ಕೊಡುವ ಅನುಮತಿ ಹೋಗಿ ಆಮೇಲೆ ಸಿಗುವ ಕ್ಷಮೆ ಬಂತು.

ನಿಜವಾಗಿ ಇಂಥ ಪರೀಕ್ಷೆ ನಡೆದದ್ದು ಜರ್ಮನಿಯಲ್ಲಿ, 2002ರಲ್ಲಿ. ಫ್ರಾಂಕ್‌ಫರ್ಟಿನಲ್ಲಿ ಹುಡುಗನೊಬ್ಬನ ಅಪಹರಣ. ಹುಡುಗ ಬದುಕಿದ್ದಾನೆ ಅಂದುಕೊಂಡು ಪೊಲೀಸ್ ಉಪಮುಖ್ಯಸ್ಥರು ಆರೋಪಿಗೆ ನೋವು ಕೊಡುವ ಬೆದರಿಕೆ ಹಾಕಿಸಿದರು. ಬೆದರಿಕೆ ಮಾತ್ರ, ಕೈ ಮುಟ್ಟಲಿಲ್ಲ. ಆತ ಜಾಗ ಹೇಳಿದ. ಆದರೆ ಹುಡುಗನನ್ನು ಅಷ್ಟರಲ್ಲಾಗಲೇ ಕೊಂದಾಗಿತ್ತು. ಅಧಿಕಾರಿಯನ್ನು ಜರ್ಮನ್ ಕೋರ್ಟೇ ತಪ್ಪಿತಸ್ಥ ಅಂದಿತು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2010ರಲ್ಲಿ ಆ ಬೆದರಿಕೆಯೂ ನಿಷೇಧದ ಉಲ್ಲಂಘನೆಯೇ ಅಂದಿತು.

ಹಡಪ್ಸರ್ 28
ಒಪ್ಪಿಗೆ ಅಂತ ಹೇಳಂಗಿಲ್ಲ. ಆದ್ರ ರೈಲ್ವೆ ಕೇಸಿನ ಮಾತು ಕೇಳಿದ ಮ್ಯಾಲ ಉತ್ತರ ಹೊಳೆಯವಲ್ದು.

ಡೊಂಬಿವಲಿ ಲೋಕಲ್
ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಲ್ಲಿ ನಡೆಯುವುದೇ ಇಲ್ಲವಲ್ಲ? ಇನ್‌ಸ್ಪೆಕ್ಟರ್ ಬರೆದುಕೊಂಡದ್ದು ಹೇಗೆ ಸಾಕ್ಷಿ ಆಯಿತು?

ಮಾಟುಂಗಾ ವಕೀಲ
ಇನ್‌ಸ್ಪೆಕ್ಟರ್ ಅಲ್ಲ, ಎಸ್‌ಪಿ ದರ್ಜೆಗೆ ಕಡಿಮೆ ಇಲ್ಲದವರು, ಮುಂಬೈಯಲ್ಲಾದರೆ ಡಿಸಿಪಿ. ಇಲ್ಲಿ ಸ್ವಲ್ಪ ನಿಧಾನ ಓದಿ, ಯಾಕಂದ್ರೆ ನಮ್ಮ ದೇಶದಲ್ಲಿ ನಿಜವಾದ ದಾರಿ ಇದೇ.

ಸಾಮಾನ್ಯ ಕಾನೂನು ಒಳ್ಳೆಯದೇ. ಹಳೇ ಸಾಕ್ಷ್ಯ ಕಾಯಿದೆಯ 25 ಮತ್ತು 26ನೇ ಕಲಂ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23, ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಹೊರಗಿಡುತ್ತದೆ. ಆದರೆ ವಿಶೇಷ ಕಾನೂನು ಬಂದಾಗೆಲ್ಲ ಈ ಗೋಡೆಗೆ ಕಿಂಡಿ ಕೊರೆದರು. ಭಯೋತ್ಪಾದನೆ ತಡೆಯ ಕಾಯಿದೆ ಟಾಡಾದ 15ನೇ ಕಲಂ ಮೊದಲನೆಯದು. 1994ರಲ್ಲಿ ಕರ್ತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೆಲವು ಮುನ್ನೆಚ್ಚರಿಕೆ ಹೇಳಿ ಅದನ್ನು ಎತ್ತಿಹಿಡಿಯಿತು. ಟಾಡಾ 1995ರಲ್ಲಿ ಮುಗಿಯಿತು. 1999ರಲ್ಲಿ ಮಹಾರಾಷ್ಟ್ರ ಸಂಘಟಿತ ಅಪರಾಧದ ವಿರುದ್ಧ ಮೋಕ್ಕಾ ತಂದು 18ನೇ ಕಲಮಿನಲ್ಲಿ ಅದನ್ನೇ ಇಟ್ಟಿತು, ರೈಲ್ವೆ ಕೇಸಿನ ತಪ್ಪೊಪ್ಪಿಗೆಗಳು ಇದರ ಕೆಳಗಿನವೇ. ಕರ್ನಾಟಕವೂ ಅಂಥದ್ದೇ 2000ದ ಕೋಕಾದ 19ನೇ ಕಲಮಿನಲ್ಲಿ ಇಟ್ಟಿತು. 2003ರಲ್ಲಿ ಕ್ರಿಮಿನಲ್ ನ್ಯಾಯ ವ್ಯವಸ್ಥೆಯ ಸುಧಾರಣೆಗೆ ಕೂತ ಸಮಿತಿ, ಅದರ ಅಧ್ಯಕ್ಷರು ನಮ್ಮ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಮಳೀಮಠರು, ಇದನ್ನು ಸಾಮಾನ್ಯ ಕೇಸುಗಳಿಗೂ ತರಬಹುದು ಅಂತ ಶಿಫಾರಸು ಮಾಡಿತು. ಪುಣ್ಯಕ್ಕೆ ಅದು ಕಾನೂನಾಗಲಿಲ್ಲ.

ಮೋಕ್ಕಾದ ಕ್ರಮ ಹೇಗೆಂದರೆ, ಆರೋಪಿಗೆ 'ನೀನು ಹೇಳಲೇಬೇಕೆಂದಿಲ್ಲ' ಅಂತ ಅಧಿಕಾರಿ ಮೊದಲು ತಿಳಿಸಬೇಕು. ಮುಕ್ತ ವಾತಾವರಣದಲ್ಲಿ ಬರೆದುಕೊಳ್ಳಬೇಕು. ಸ್ವಇಚ್ಛೆಯದು ಅಂತ ಕೆಳಗೆ ದಿನ, ಹೊತ್ತು ಹಾಕಿ ಪ್ರಮಾಣಪತ್ರ ಬರೆಯಬೇಕು. ಕೂಡಲೇ ಮುಖ್ಯ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು, ಆರೋಪಿಯನ್ನೂ ಅವರ ಮುಂದೆ ನಿಲ್ಲಿಸಬೇಕು. ಅಲ್ಲಿ ಆತ ಹಿಂಸೆಯ ಮಾತೆತ್ತಿದರೆ ಸಹಾಯಕ ಸಿವಿಲ್ ಸರ್ಜನ್‌ಗಿಂತ ಕೆಳಗಿನವರಲ್ಲದ ವೈದ್ಯರ ಹತ್ತಿರ ಪರೀಕ್ಷೆ. ಕಾಗದದಲ್ಲಿ ಎಲ್ಲ ಉಂಟು. ಕೆಡುವುದು ಎಲ್ಲಿ? ಆರೋಪಿ ಮೊದಲೂ ಆಮೇಲೂ ಅದೇ ಪೊಲೀಸರ ಕಸ್ಟಡಿಯಲ್ಲಿದ್ದರೆ ಮಧ್ಯದ 'ಮುಕ್ತ ವಾತಾವರಣ'ಕ್ಕೆ ಅರ್ಥ ಇಲ್ಲ. ಬಾಯ್ನಾದವರು ಹೇಳಿದ ಬೇರೆ ಕೋಣೆಯ ಸಂಗತಿ ಓದಿದಾಗ ನನಗೆ ಕಂಡದ್ದು ಇದೇ.

ಪಿಂಪ್ರಿ ವಿಜಾಪುರ
ಸಾಮಾನ್ಯ ಕೇಸಿನಾಗೂ ಕಿಂಡಿ ಐತ್ರಿ. ಹಳೇ 27ನೇ ಕಲಂ. ಈಗ ಅದು 23ರ ಪರಂತುಕದಾಗ ಸೇರೇತಿ. ಆರೋಪಿ ಹೇಳಿದ ಮಾತಿನಿಂದ ಏನರ ವಸ್ತು ಸಿಕ್ಕರ, ಅದಕ್ಕ ಸಂಬಂಧಪಟ್ಟಷ್ಟು ಮಾತು ಸಾಕ್ಷಿ ಆಗತೈತಿ. ಅದಕ್ಕ ಹೊಡೆತ ತಪ್ಪೊಪ್ಪಿಗೆಗಿಂತ ಹೆಚ್ಚು 'ರಿಕವರಿ' ಸಲುವಾಗಿ ಬೀಳತೈತಿ. ಚಾಕು ತೋರಸು, ಸರ ತೋರಸು. ಪಂಚರ ಸಹಿ ಹಾಕ್ಸಿ ಮಹಜರು ಬರದ್ರ ಕೆಲಸ ಮುಗೀತು.

ನಮ್ಮಲ್ಲಿ ಅಕ್ರಮವಾಗಿ ಸಿಕ್ಕ ವಸ್ತು ಅಕ್ರಮ ಅನ್ನೂ ಕಾರಣಕ್ಕ ಹೊರಗ ಬೀಳೂದಿಲ್ಲ. 1973ರ ಪೂರಣಮಲ್ ತೀರ್ಪು ಹಂಗ ಹೇಳತೈತಿ. ಸಾಕ್ಷಿ ಉಳಿತೈತಿ ಅಂದ ಮ್ಯಾಲ ಹೊಡಿಯೂದು ನಿಲ್ಲೂದು ಹೆಂಗ?

ಡೊಂಬಿವಲಿ ಲೋಕಲ್
ಹೊಡೆದ ಪೊಲೀಸನ ಮೇಲೆ ಐಪಿಸಿ 330 ಇದೆಯಲ್ಲ, 7 ವರ್ಷ.

ಮಾಟುಂಗಾ ವಕೀಲ
ಈಗ ಅದು ನ್ಯಾಯ ಸಂಹಿತೆಯ 120. ಗಾಯಕ್ಕೆ 7 ವರ್ಷ, ತೀವ್ರ ಗಾಯಕ್ಕೆ 10. ಆದರೆ ತಪ್ಪೊಪ್ಪಿಗೆಗೋ ಮಾಹಿತಿಗೋ ಮಾಲು ಹೊರಡಿಸುವುದಕ್ಕೋ ಹೊಡೆದರೆ ಮಾತ್ರ ಅದು. ಸಿಟ್ಟಿಗೆ ಹೊಡೆದರೆ ಸಾದಾ ಗಾಯದ ಕಲಂ. ಮೂರು ರಾತ್ರಿ ನಿದ್ದೆ ಕೊಡದೆ ನಿಲ್ಲಿಸಿದರೆ? ದೇಹಕ್ಕೆ ನೋವು, ರೋಗ, ನಿಶ್ಶಕ್ತಿ ಅಂತ ತೋರಿಸಬೇಕು. ಮನಸ್ಸಿಗೆ ಆದದ್ದು ಆ ಕಲಮಿನೊಳಗೆ ಬರುವುದು ಕಷ್ಟ.

ಕೇಸ್ ಹಾಕುವುದಕ್ಕೂ ಅನುಮತಿ ಬೇಕು. ಎರಡು ತೀರ್ಪು ಪಕ್ಕಪಕ್ಕ ಇಡಿ. 1966ರಲ್ಲಿ ಆತ್ಮಾರಾಂ ಪ್ರಕರಣ, ನಮ್ಮ ಮಹಾರಾಷ್ಟ್ರದ್ದು. ಬಾಂಬೆ ಪೊಲೀಸ್ ಕಾಯಿದೆಯ 161ನೇ ಕಲಂ ಪೊಲೀಸರ ಮೇಲಿನ ಕೇಸಿಗೆ ಕಾಲಮಿತಿ ಹಾಕುತ್ತದೆ. ಸುಪ್ರೀಂ ಕೋರ್ಟ್ ಹೇಳಿತು: ಹೇಳಿಕೆಗಾಗಿ ಹೊಡೆಯುವುದು, ಕೂಡಿಹಾಕುವುದು ಕಾನೂನೇ ನಿಷೇಧಿಸಿದ ಕೆಲಸ, ಅದು ಕರ್ತವ್ಯದ ಹೆಸರಿನಲ್ಲಿ ಬರುವುದಿಲ್ಲ, ಆ ರಕ್ಷಣೆ ಸಿಗದು. ಇನ್ನೊಂದು 2020ರ ದೇವರಾಜ ಪ್ರಕರಣ, ಬೆಂಗಳೂರಿನದು. ಕಸ್ಟಡಿಯಲ್ಲಿ ಹಿಂಸಿಸಿದ ಆರೋಪ. ಕರ್ನಾಟಕ ಪೊಲೀಸ್ ಕಾಯಿದೆಯ 170ನೇ ಕಲಂ ಇಟ್ಟುಕೊಂಡು ಕೋರ್ಟ್ ಹೇಳಿದ್ದು, ಅಧಿಕಾರ ಮೀರಿದ್ದರೂ ಕರ್ತವ್ಯಕ್ಕೂ ಕೃತ್ಯಕ್ಕೂ ಸಂಬಂಧ ಉಂಟಾದರೆ ಸರ್ಕಾರದ ಅನುಮತಿ ಬೇಕು. ಅನುಮತಿ ಇರಲಿಲ್ಲ, ಕೇಸ್ ರದ್ದಾಯಿತು. ನನ್ನ ಅಭಿಪ್ರಾಯದಲ್ಲಿ 1966ರದ್ದೇ ಸರಿ. ಹಿಂಸೆಯನ್ನು ಕರ್ತವ್ಯದ 'ಅತಿರೇಕ' ಅಂತ ಕರೆದ ಕೂಡಲೇ ಅರ್ಧ ಸಮರ್ಥನೆ ಆಗಿಹೋಯಿತು.

ಅನುಮತಿಯ ಬೆಲೆ ಏನು ಅಂತ ಬೇಕಾದರೆ ಘಾಟ್ಕೋಪರ್ ಸ್ಫೋಟ ಪ್ರಕರಣದಲ್ಲಿ 2003ರ ಜನವರಿಯಲ್ಲಿ ಕಸ್ಟಡಿಯಲ್ಲಿ ಸತ್ತ ಎಂಜಿನಿಯರ್ ಕೇಸ್ ನೋಡಿ. ತನಿಖೆ ಹೆಸರಿಸಿದ್ದು 14 ಪೊಲೀಸರನ್ನು, ಸರ್ಕಾರ ಅನುಮತಿ ಕೊಟ್ಟದ್ದು 4 ಮಂದಿ ಮೇಲೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 218ರಲ್ಲಿ 120 ದಿನದೊಳಗೆ ತೀರ್ಮಾನಿಸದಿದ್ದರೆ ಅನುಮತಿ ಕೊಟ್ಟ ಹಾಗೇ ಅಂತ ಬಂದಿದೆ. ಅದೊಂದು ಒಳ್ಳೆಯ ಬದಲಾವಣೆ, ಉಪಯೋಗಿಸಬೇಕು.

ಠಾಣೆ ಡಾಕ್ಟರ್
ವೈದ್ಯಕೀಯ ಪರೀಕ್ಷೆಯ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ಇಡೀ ರಕ್ಷಣೆ ಒಂದು ಹಾಳೆಯ ಮೇಲೆ ನಿಂತಿದೆ, ಆ ಹಾಳೆಯಲ್ಲಿ ಹೆಚ್ಚಾಗಿ ಇರುವುದು 'ಹೊಸ ಗಾಯಗಳಿಲ್ಲ' ಎಂಬ ಒಂದು ಸಾಲು.

ಗಾಯ ಕಾಣದಂತೆ ಹೊಡೆಯುವುದೇ ಕಸುಬು. ಅಂಗಾಲಿಗೆ ಹೊಡೆದರೆ ಮೇಲಿನ ಕಂದು ಕೆಲವು ದಿನಗಳಲ್ಲಿ ಮಾಯ. ಅದಕ್ಕೆ ಕಾಲಿನ ಚಪ್ಪಲಿ ತೆಗೆಸಿ ಅಂಗಾಲು ಒತ್ತಿ ನೋಡಬೇಕು, ನಡೆಸಿ ನೋಡಬೇಕು. ಕೈ ಹಿಂದೆ ಕಟ್ಟಿ ತೂಗುಹಾಕುವುದಕ್ಕೆ ನಮ್ಮಲ್ಲಿ 'ಏರೋಪ್ಲೇನ್' ಅನ್ನುತ್ತಾರೆ. ಚರ್ಮದ ಮೇಲೆ ಹೆಚ್ಚೇನೂ ಕಾಣದಿರಬಹುದು, ಆದರೆ ಭುಜದ ನರಗಳು ಎಳೆದುಹೋಗಿರುತ್ತವೆ. ಪರೀಕ್ಷೆ ಬಹಳ ಸುಲಭ: ಅಂಗಿ ತೆಗೆಸಿ, ಎರಡೂ ಅಂಗೈ ಗೋಡೆಗೆ ಇಟ್ಟು ಜೋರಾಗಿ ತಳ್ಳಲು ಹೇಳಿ. ನರಕ್ಕೆ ಪೆಟ್ಟಾಗಿದ್ದರೆ ಆ ಬದಿಯ ಹೆಗಲ ಮೂಳೆ ಬೆನ್ನಿನಿಂದ ರೆಕ್ಕೆಯಂತೆ ಎದ್ದು ನಿಲ್ಲುತ್ತದೆ. ಒಂದು ನಿಮಿಷವೂ ಬೇಡ. ಇದು ವಿಶ್ವಸಂಸ್ಥೆಯ ಇಸ್ತಾಂಬುಲ್ ಪ್ರೊಟೊಕಾಲ್‌ನಲ್ಲಿದೆ, 1999ರದ್ದು, 2022ರಲ್ಲಿ ಪರಿಷ್ಕೃತ.

ಇನ್ನೊಂದು ತಪ್ಪು, ಕಂದಿದ ಬಣ್ಣ ನೋಡಿ 'ಎರಡು ದಿನದ್ದು, ಬಂಧನಕ್ಕೂ ಮುಂಚಿನದು' ಅಂತ ಬರೆದುಬಿಡುವುದು. ಬಣ್ಣದಿಂದ ದಿನ ಹೇಳುವುದು ನಂಬುವಂಥದ್ದಲ್ಲ. ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ, ದೇಹದ ನಕ್ಷೆಯಲ್ಲಿ ಗುರುತು ಹಾಕಿ, ಆತ ಹೇಳಿದ್ದನ್ನು ಆತನ ಮಾತಿನಲ್ಲೇ ಬರೆಯಿರಿ. ಪೊಲೀಸ್ ಪೇದೆ ಕೋಣೆಯ ಹೊರಗೆ, ಮಾತು ಕೇಳಿಸದಷ್ಟು ದೂರ ಇರಬೇಕು. ಅಮೆರಿಕದ ನೀರಿನ ಕೋಣೆಯಲ್ಲೂ, ವ್ಹಡಲೆಂ ಘರ್‌ನಲ್ಲೂ ವೈದ್ಯ ಪಕ್ಕದಲ್ಲಿದ್ದ. ಅವನು ಅಲ್ಲಿದ್ದ ಎನ್ನುವುದೇ ಅದಕ್ಕೆ ಕಾನೂನಿನ ಮುಖ ಕೊಟ್ಟಿತು. ನಮ್ಮ ವೃತ್ತಿಯವರು ಇದನ್ನು ಮರೆಯಬಾರದು.

ಬಾಯ್ನಾ ಬಂದರು
1996ರ ಡಿ.ಕೆ. ಬಸು ತೀರ್ಪಿನ 10 ಸೂಚನೆಗಳಲ್ಲಿ 48 ಗಂಟೆಗೊಮ್ಮೆ ವೈದ್ಯಕೀಯ ಪರೀಕ್ಷೆ ಆಗಬೇಕು ಅಂತ ಇದೆ ಅಲ್ವಾ?

ಮಾಟುಂಗಾ ವಕೀಲ
11 ಸೂಚನೆ. 48 ಗಂಟೆಯದು ಸರಿ. ಆದರೆ ಗಂಟೆ ಎಣಿಸಲು ಶುರುವಾಗುವುದು ಡೈರಿಯಲ್ಲಿ ಬಂಧನ ಬರೆದ ಮೇಲೆ. 'ವಿಚಾರಣೆಗೆ ಕರೆದಿದ್ದೇವೆ' ಅಂತ ಎರಡು ದಿನ ಕೂರಿಸಿ ಮೂರನೇ ದಿನ ಬಂಧನ ಬರೆದರೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸುವ 24 ಗಂಟೆಯೂ ಆವತ್ತಿಂದಲೇ, ಪರೀಕ್ಷೆಯ 48 ಗಂಟೆಯೂ ಆವತ್ತಿಂದಲೇ. ಅದಕ್ಕೇ ಸಿಸಿಟಿವಿ. 2020ರ ಪರಂವೀರ್ ಸಿಂಗ್ ಸೈನಿ ತೀರ್ಪು ಪ್ರತಿ ಠಾಣೆಯ ಗೇಟು, ಲಾಕಪ್, ವರಾಂಡ, ಇನ್‌ಸ್ಪೆಕ್ಟರ್ ಕೋಣೆ ಎಲ್ಲ ಕಡೆ ರಾತ್ರಿಯೂ ಕಾಣುವ, ಧ್ವನಿ ಸಮೇತದ ಕ್ಯಾಮೆರಾ ಕೇಳುತ್ತದೆ. ದಾಖಲೆ 18 ತಿಂಗಳು ಇಡಬೇಕು, ಅಂಥ ಉಪಕರಣ ಸಿಗದಿದ್ದರೂ ಒಂದು ವರ್ಷಕ್ಕೆ ಕಡಿಮೆ ಆಗಬಾರದು. ಒಳಗೆ ಕಾಲಿಟ್ಟ ಗಳಿಗೆ ಗೇಟಿನ ಕ್ಯಾಮೆರಾದಲ್ಲಿ ಇರುತ್ತದೆ. ಮೊದಲ ರಿಮಾಂಡ್ ದಿನವೇ 'ಈ ತಾರೀಖಿನ ಇಂತಿಷ್ಟು ಗಂಟೆಯ ಗೇಟಿನ ದೃಶ್ಯ ಕಾಪಾಡಿ' ಅಂತ ಅರ್ಜಿ ಹಾಕಿ. ತಡವಾದರೆ 'ಅಳಿಸಿಹೋಗಿದೆ' ಎಂಬ ಉತ್ತರ ಬರುತ್ತದೆ.

ನೆರುಳ್ ಮೇಷ್ಟ್ರು
ಮದ್ದು ಚುಚ್ಚಿ ಅರೆಪ್ರಜ್ಞೆಯಲ್ಲಿ ಮಾತಾಡಿಸುವ ನಾರ್ಕೊ ಪರೀಕ್ಷೆ ಬಿಟ್ಟುಹೋಯಿತು. ಛಾಪಾ ಕಾಗದ ಹಗರಣದ ಕಾಲದಲ್ಲಿ ಬೆಂಗಳೂರಿನ ಪ್ರಯೋಗಾಲಯ ಅದಕ್ಕೆ ಹೆಸರಾಗಿತ್ತು. 'ಹೊಡೆಯುವುದಕ್ಕಿಂತ ಇದು ವೈಜ್ಞಾನಿಕ' ಎಂಬುದೇ ಸಮರ್ಥನೆ. 2004ರಲ್ಲಿ ಬಾಂಬೆ ಹೈಕೋರ್ಟ್ ಒಪ್ಪಿತು. 2010ರ ಮೇ 5ರಂದು ಸೆಲ್ವಿ ಪ್ರಕರಣದಲ್ಲಿ, ಅದರ ಎದುರುವಾದಿ ಕರ್ನಾಟಕ ಸರ್ಕಾರವೇ, ಸುಪ್ರೀಂ ಕೋರ್ಟ್ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ ಅಂದಿತು.

ಪಿಂಪ್ರಿ ವಿಜಾಪುರ
ಒಪ್ಪಿಗೆ ಪೊಲೀಸ್ ಕಸ್ಟಡಿಯಾಗ ತಗೊಂಡದ್ದಾದ್ರ?

ನೆರುಳ್ ಮೇಷ್ಟ್ರು
ಮ್ಯಾಜಿಸ್ಟ್ರೇಟ್ ಮುಂದೆ, ವಕೀಲರ ಜೊತೆ ಇದ್ದು ಕೊಡಬೇಕು ಅಂತ ತೀರ್ಪಿನಲ್ಲೇ ಇದೆ.

ಡೊಂಬಿವಲಿ ಲೋಕಲ್
ಇದರಿಂದ ಸರ್ಕಾರಕ್ಕೆ ನಷ್ಟ ಏನೂ ಇಲ್ಲವಾ? ಅನುಮೋದನೆ ಮಾಡದಿದ್ದರೆ ಯಾರು ಕೇಳುತ್ತಾರೆ?

ಮಾಟುಂಗಾ ವಕೀಲ
ಹೊರದೇಶದ ಕೋರ್ಟು ಕೇಳುತ್ತದೆ. 1995ರ ಪುರುಲಿಯಾ ಶಸ್ತ್ರಾಸ್ತ್ರ ಪ್ರಕರಣದ ಆರೋಪಿಯನ್ನು ಡೆನ್ಮಾರ್ಕ್ ಕೋರ್ಟು 2011ರಲ್ಲಿ ಭಾರತಕ್ಕೆ ಕೊಡಲಿಲ್ಲ, 2024ರಲ್ಲಿ ಮತ್ತೆ ಕೊಡಲಿಲ್ಲ. ಕಾರಣ ಇಲ್ಲಿ ಹಿಂಸೆಗೆ ಒಳಗಾಗುವ ಅಪಾಯ. 2025ರ ಫೆಬ್ರವರಿಯಲ್ಲಿ ಲಂಡನ್ ಹೈಕೋರ್ಟು ಶಸ್ತ್ರಾಸ್ತ್ರ ದಲ್ಲಾಳಿ ಸಂಜಯ್ ಭಂಡಾರಿ ವಿಷಯದಲ್ಲೂ ತಿಹಾರ್ ಜೈಲಿನ ಹೆಸರು ಹೇಳಿ ನಿರಾಕರಿಸಿತು. ವಿಜಯ್ ಮಲ್ಯ ಕೇಸಿನಲ್ಲಿ ನಮ್ಮ ಆರ್ಥರ್ ರೋಡ್ ಜೈಲಿನ 12ನೇ ಬ್ಯಾರಕ್ಕಿನ ವಿಡಿಯೊ ತೆಗೆದು ಕಳಿಸಬೇಕಾಯಿತು. ಬ್ಯಾಂಕ್ ವಂಚನೆಯ ಆರೋಪಿ ಮೆಹುಲ್ ಚೋಕ್ಸಿ ವಿಷಯದಲ್ಲಿ ಬೆಲ್ಜಿಯಂಗೂ ಅದೇ ಬ್ಯಾರಕ್ಕಿನ ಭರವಸೆ. ಒಬ್ಬ ದೊಡ್ಡ ಸಾಲಗಾರನಿಗೆ ಕಾಗದದಲ್ಲಿ ಕೊಡುವ ಭರವಸೆಯನ್ನು ಎಲ್ಲಾ ಕೈದಿಗಳಿಗೆ ಕಾನೂನಿನಲ್ಲಿ ಕೊಟ್ಟರೆ ಆಗುತ್ತಿತ್ತು.

ನಿರ್ವಾಹಕ
ಮಲ್ಯ ಬಗ್ಗೆ ಬೇರೆ ಎಳೆ ಇದೆ, ಅಲ್ಲಿ ಮುಂದುವರಿಸಿ.

ಕೋಥ್ರೂಡ್ ಕನ್ನಡತಿ
ತುಂಬಾ ಸಿಕ್ಕಿತು, ಎಲ್ಲರಿಗೂ ಋಣಿ. ಕೊನೆಯದಾಗಿ ಒಂದು ಕೇಳಲೇಬೇಕು. ಇಲ್ಲಿ ಕಟ್ಟಡದ ಕೆಲಸಕ್ಕೆ ಕಲಬುರಗಿ, ಯಾದಗಿರಿಯಿಂದ ಬಂದವರಲ್ಲಿ ಎಷ್ಟೋ ಮಂದಿಗೆ ಮರಾಠಿಯೂ ಹಿಂದಿಯೂ ಸರಿಯಾಗಿ ಬಾರದು. ಅಂಥವರನ್ನು ಹಿಡಿದು ಶಿವಾಜಿನಗರದ ಕೋರ್ಟಿನಲ್ಲಿ ನಿಲ್ಲಿಸಿದರೆ ಈ ರಕ್ಷಣೆಗಳೆಲ್ಲ ಏನಾಗುತ್ತವೆ?

ಪಿಂಪ್ರಿ ವಿಜಾಪುರ
ಅಲ್ಲೇ ಹೆಚ್ಚು ಸೋರೂದು. ಮ್ಯಾಜಿಸ್ಟ್ರೇಟರು 'ಕಾಹೀ ತಕ್ರಾರ ಆಹೆ ಕಾ?', ಏನರ ದೂರು ಐತೇನು, ಅಂತ ಕೇಳ್ತಾರ. ಆತಗ ತಿಳಿಯೂದಿಲ್ಲ, ಬಾಜೂಕ ಪೊಲೀಸಪ್ಪ ನಿಂತಿರ್ತಾನ, ತಲಿ ಅಲ್ಲಾಡಸ್ತಾನ. 'ಪೊಲೀಸರ ವಿರುದ್ಧ ದೂರಿಲ್ಲ' ಅಂತ ರಿಮಾಂಡ್ ಹಾಳ್ಯಾಗ ಬರತೈತಿ. ಮುಂದ ಹತ್ತು ವರ್ಷ ಆ ಸಾಲನ್ನ ಸರ್ಕಾರಿ ವಕೀಲರು ಓದ್ತಾರ.

ಮಾಟುಂಗಾ ವಕೀಲ
ಆ ಪ್ರಶ್ನೆ ಕೇಳಲೇಬೇಕು ಅಂತ ಬಂದದ್ದೇ ಮುಂಬೈಯಿಂದ. ಲಾಕಪ್‌ಗಳಲ್ಲಿ ಹೆಂಗಸರ ಸ್ಥಿತಿ ಬಗ್ಗೆ ಪತ್ರಕರ್ತೆ ಶೀಲಾ ಬರ್ಸೆ ಬರೆದ ಪತ್ರದ ಮೇಲೆ 1983ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಕಸ್ಟಡಿಯಲ್ಲಿ ಹಿಂಸೆ ಆಗಿದೆಯಾ ಅಂತ ಮ್ಯಾಜಿಸ್ಟ್ರೇಟ್ ಕೇಳಬೇಕು, ವೈದ್ಯಕೀಯ ಪರೀಕ್ಷೆಯ ಹಕ್ಕು ಉಂಟು ಅಂತಲೂ ತಿಳಿಸಬೇಕು. ತಿಳಿಯದ ಭಾಷೆಯಲ್ಲಿ ಕೇಳಿದರೆ ಕೇಳಿದ ಹಾಗಲ್ಲ. 1962ರ ಹರಿಕಿಸನ್ ಪ್ರಕರಣ, ಅದೂ ಮಹಾರಾಷ್ಟ್ರದ್ದೇ, ಬಂಧನದ ಕಾರಣ ಇಂಗ್ಲಿಷಿನಲ್ಲಿ ಕೊಟ್ಟದ್ದಕ್ಕೆ ಮುನ್ನೆಚ್ಚರಿಕೆ ಬಂಧನವನ್ನೇ ರದ್ದು ಮಾಡಿತು. 2025ರ ನವೆಂಬರಿನ ಮಿಹಿರ್ ಶಾ ತೀರ್ಪು, ವರ್ಲಿ ಕಾರು ಅಪಘಾತದ ಕೇಸಿನದು, ಇನ್ನೂ ಸ್ಪಷ್ಟ: ಬಂಧನದ ಕಾರಣ ಲಿಖಿತವಾಗಿ, ಆತನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು, ತಡ ಅಂದರೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸುವ ಎರಡು ಗಂಟೆ ಮೊದಲು.

ಹಾಗಾಗಿ ಮೊದಲ ರಿಮಾಂಡಿನಲ್ಲಿ ಅರ್ಧ ಹಾಳೆಯ ಅರ್ಜಿ ಸಾಕು. 'ಆರೋಪಿಗೆ ಕನ್ನಡ ಮಾತ್ರ ಬರುತ್ತದೆ. ಬಂಧನದ ಕಾರಣವನ್ನು ಕನ್ನಡದಲ್ಲಿ ಕೊಟ್ಟಿಲ್ಲ. ದುಭಾಷಿಯ ಮೂಲಕ, ಪೊಲೀಸರನ್ನು ಹೊರಗೆ ನಿಲ್ಲಿಸಿ, ದೂರು ಉಂಟೇ ಎಂದು ಕೇಳಿ ಉತ್ತರವನ್ನು ಆತನ ಮಾತಿನಲ್ಲೇ ದಾಖಲಿಸಬೇಕು. ವೈದ್ಯಕೀಯ ಪರೀಕ್ಷೆಗೆ ಆದೇಶಿಸಬೇಕು.' ಮರಾಠಿಯಲ್ಲಿ ಟೈಪ್ ಮಾಡಿ ಇಟ್ಟುಕೊಳ್ಳಿ, ಹೆಸರು ತಾರೀಖು ತುಂಬಿದರಾಯಿತು.

ಪಿಂಪ್ರಿ ವಿಜಾಪುರ
ಮರಾಠಿ ಕರಡು ನಾನು ಮಾಡ್ತೀನಿ. ದುಭಾಷಿ ಸಿಗದಿದ್ರ ಪಿಂಪ್ರಿ, ಚಿಂಚವಡ ಕಡೆ ನಾನೂ ಬರ್ತೀನಿ.

ಠಾಣೆ ಡಾಕ್ಟರ್
ಅರ್ಜಿಯಲ್ಲಿ ಬರೀ 'ವೈದ್ಯಕೀಯ ಪರೀಕ್ಷೆ' ಅಂತ ಬರೆಯಬೇಡಿ. 'ಅಂಗಾಲು, ಭುಜ, ಹೆಗಲ ಮೂಳೆ ಸಹಿತ' ಅಂತ ಸೇರಿಸಿ.